ಮಾವನ ಎರಡು ಕಿಲೋ

ಎರಡು ಕಿಲೋ ಕಡಿಮೆ ಬಿದ್ದಿತ್ತು.

ಭಾನುವಾರ ಬೆಳಗ್ಗೆ ಆರೂವರೆಗೆ, ಬೀದಿಯ ಕೊನೆಯ ಬೀಜದ ಗೋದಾಮಿನ ಬಾಗಿಲು ತೆಗೆದು, ಮೂಟೆ ತೂಗುವ ಯಂತ್ರದ ಮೇಲೆ ಮಾವನನ್ನು ನಿಲ್ಲಿಸಿ ತೂಕಪ್ಪ ಮೂರು ಸಲ ನೋಡಿದ. ಒಮ್ಮೆ ಕನ್ನಡಕ ಹಾಕಿಕೊಂಡು ನೋಡಿದ, ಒಮ್ಮೆ ತೆಗೆದು ನೋಡಿದ, ಮತ್ತೊಮ್ಮೆ ಯಂತ್ರದ ಅಡಿಗೆ ಬಗ್ಗಿ ಕಸಕಡ್ಡಿ ಏನಾದರೂ ಸಿಕ್ಕಿಕೊಂಡಿದೆಯೇ ಎಂದು ನೋಡಿದ. ಮುಳ್ಳು ಐವತ್ತೆರಡರ ಗೆರೆಗೆ ಬಂದು, ಹಠ ಹಿಡಿದ ಎತ್ತಿನ ಹಾಗೆ ಅಲ್ಲೇ ನಿಂತಿತ್ತು.

"ಮಾವ, ಸ್ವಲ್ಪ ಸರಿಯಾಗಿ ನಿಂತ್ಕೊಳ್ಳಿ."

ಮಾವ ನಿಂತೇ ಇದ್ದರು. ನಿಲ್ಲುವುದರಲ್ಲಿ ಸರಿ, ತಪ್ಪು ಎಂದು ಎರಡು ಬಗೆ ಇರುವುದು ಅವರಿಗೆ ತಿಳಿದ ಹಾಗೆ ಕಾಣಲಿಲ್ಲ.

ತೂಕಪ್ಪನಿಗೆ ಅವನ ತಾಯಿತಂದೆ ಇಟ್ಟ ಹೆಸರು ಬೇರೆ ಇತ್ತು. ಆದರೆ ಮೂವತ್ತು ವರ್ಷ ಒಂದೇ ಗೋದಾಮಿನಲ್ಲಿ ಬೀಜದ ಮೂಟೆ ತೂಗಿದವನಿಗೆ ಆ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಮೂಟೆಯನ್ನು ದೂರದಿಂದ ನೋಡಿಯೇ ಅರ್ಧ ಕಿಲೋ ಆಚೀಚೆಗೆ ಹೇಳಬಲ್ಲ ಎಂದು ಅವನಿಗೆ ಹೆಸರು. ಅಂಥವನಿಗೆ ಎರಡು ತಿಂಗಳಿಂದ ತನ್ನ ಮನೆಯಲ್ಲೇ ಮಲಗಿ ಏಳುತ್ತಿದ್ದ ಮುದುಕನ ಮೈಯಿಂದ ಎರಡು ಕಿಲೋ ಯಾವ ದಾರಿ ಹಿಡಿದು ಹೋಯಿತೆಂದು ಹೊಳೆಯಲಿಲ್ಲ.

ಎರಡು ಕಿಲೋ ಎಂದರೆ ಬೇರೆ ಮನೆಯವರಿಗೆ ಎರಡು ಕಿಲೋ ಅಷ್ಟೆ. ಈ ಮನೆಯಲ್ಲಿ ಅದಕ್ಕೊಂದು ಕರಾರು ಪತ್ರವಿತ್ತು.

ಮಾವನಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳ ಗಂಡ ವಿಮೆ ಕಂಪನಿಯವನು. ಕಿರಿಯವಳ ಗಂಡ ತೂಕಪ್ಪ. ಅತ್ತೆ ಸತ್ತ ಮೇಲೆ ಮಾವ ಎರಡು ತಿಂಗಳು ಅಲ್ಲಿ, ಎರಡು ತಿಂಗಳು ಇಲ್ಲಿ ಎಂದು ತೀರ್ಮಾನವಾಯಿತು. ಮೊದಲ ವರ್ಷ ಷಡ್ಡಕನ ಮನೆಯಿಂದ ಬಂದ ಮುದುಕ ಒಣಗಿದ ಬಳ್ಳಿಯ ಹಾಗಿದ್ದುದನ್ನು ಕಂಡು ತೂಕಪ್ಪನ ಹೆಂಡತಿ ಅತ್ತಳು. ಅಕ್ಕತಂಗಿಯರ ನಡುವೆ ಮಾತು ಬೆಳೆಯಿತು. ಆಗ ತೂಕಪ್ಪನೇ ಮುಂದೆ ಬಂದು, ಮಾತೇ ಬೇಡ, ತೂಕ ಮಾತಾಡಲಿ ಎಂದು ಕಾಗದ ಬರೆದ. ಸರದಿ ಬದಲಾಗುವ ದಿನ ಸಂಜೆ ಐದಕ್ಕೆ ಗೋದಾಮಿನಲ್ಲಿ ತೂಗಬೇಕು. ಬಂದಾಗಿನ ತೂಕ ಇದ್ದರೆ ಮಾತ್ರ ಆಚೆ ಮನೆಯವರು ಒಪ್ಪಿಕೊಳ್ಳಬೇಕು. ಇಲ್ಲದಿದ್ದರೆ ತೂಕ ತುಂಬುವ ತನಕ ಇದ್ದಲ್ಲೇ ಇರಬೇಕು. ಕೊನೆಯಲ್ಲಿ ನಾಲ್ಕನೆಯ ಕಲಮು: ತೂಕದಲ್ಲಿ ಯಾರಾದರೂ ಮೋಸ ಮಾಡಿದ್ದು ಕಂಡರೆ ಅವರಿಗೇ ಇನ್ನೊಂದು ಸರದಿ. ಷಡ್ಡಕನ ಮೇಲಿನ ಗುಮಾನಿಯಿಂದ ಅದರ ಅಡಿಗೆ ಕೆಂಪು ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದವನೂ ತೂಕಪ್ಪನೇ. ಆವತ್ತಿನಿಂದ ಪ್ರತಿ ಸರದಿಯಲ್ಲೂ ಮಾವ ಐವತ್ತನಾಲ್ಕು ಕಿಲೋ ಬಂದು ಐವತ್ತನಾಲ್ಕು ಕಿಲೋ ಹೋಗುತ್ತಿದ್ದರು.

ಈ ಸರದಿಯಲ್ಲೂ ಐವತ್ತನಾಲ್ಕೇ ಬಂದಿದ್ದರು. ಇಂದು ಐವತ್ತೆರಡು. ಸಂಜೆ ಐದಕ್ಕೆ ಷಡ್ಡಕ ಕಾರು ತರುತ್ತಾನೆ.

ಬೇರೆ ದಿನವಾಗಿದ್ದರೆ ಇರಲಿ ಬಿಡು ಎನ್ನಬಹುದಿತ್ತು. ಆದರೆ ತೂಕಪ್ಪನ ಹೆಂಡತಿ ಎಂಟು ದಿನದಿಂದ ಆಸ್ಪತ್ರೆಯಲ್ಲಿದ್ದಳು. ಹೊಟ್ಟೆಯ ಆಪರೇಷನ್. ನಾಳೆ ಮನೆಗೆ ಕಳಿಸುತ್ತಾರೆ. ತಿಂಗಳು ಮೆಟ್ಟಿಲು ಹತ್ತಬಾರದು, ಭಾರ ಎತ್ತಬಾರದು, ಬಗ್ಗಬಾರದು ಎಂದು ಡಾಕ್ಟರು ಹೇಳಿದ್ದರು. ಮನೆಯಲ್ಲಿ ಕೆಳಗಿರುವುದು ಒಂದೇ ಕೋಣೆ, ಬಚ್ಚಲಿಗೆ ತಾಗಿಕೊಂಡದ್ದು, ಅದು ಮಾವನದು. ಮಹಡಿಯ ಕೋಣೆಗೆ ಹೋಗಬೇಕಾದರೆ ಏಣಿಯ ತಮ್ಮನಂಥ ಹದಿನಾಲ್ಕು ಮೆಟ್ಟಿಲು. ಒಂದು ಕೋಣೆಯಲ್ಲಿ ಇಬ್ಬರು ರೋಗಿಗಳು, ನೋಡಿಕೊಳ್ಳಲು ಒಬ್ಬ ಮನುಷ್ಯ, ಆ ಮನುಷ್ಯನಿಗೋ ಬಿತ್ತನೆಯ ಕಾಲ. ಆರು ದಿನದಿಂದ ಬೆಳಗ್ಗೆ ಆರಕ್ಕೆ ಗೋದಾಮಿನ ಮುಂದೆ ಟ್ರ್ಯಾಕ್ಟರುಗಳ ಸಾಲು ನಿಲ್ಲುತ್ತಿತ್ತು. ಮೂಟೆ ತೂಗಿ ತೂಗಿ ಕೈ ತನ್ನದೋ ಯಂತ್ರದ್ದೋ ತಿಳಿಯದಂತಾಗಿ, ಸಂಜೆ ಆಸ್ಪತ್ರೆಗೆ ಓಡಿ, ಮನೆಗೆ ಬಂದರೆ ಮಾವನ ಊರುಗೋಲು ಕಾಯುತ್ತಿರುತ್ತಿತ್ತು.

ಮಾವ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಯಾರೊಡನೆಯೂ ಜಗಳವಿಲ್ಲ. ಬತ್ತಿದ ಬಾವಿಯ ಹಾಗೆ ದಿನಕ್ಕಿಷ್ಟು ಇಳಿಯುತ್ತ ನಿಂತೇ ಹೋಗಿತ್ತು. ಕಿವಿಯೂ ಹೋಗಿರಬೇಕು, ತಲೆಯೂ ಅರ್ಧ ಹೋಗಿರಬೇಕು ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಬೇಕಾದ್ದನ್ನು ಕೋಲಿನಿಂದ ನೆಲ ಕುಟ್ಟಿ ಹೇಳುತ್ತಿದ್ದರು. ಒಂದು ಕುಟ್ಟಿದರೆ ನೀರು. ಎರಡು ಕುಟ್ಟಿದರೆ ಬಚ್ಚಲು. ಮೂರು ಕುಟ್ಟಿದರೆ ಏನಂತ ಈವರೆಗೂ ಯಾರಿಗೂ ಗೊತ್ತಿರಲಿಲ್ಲ. ಹೋಗಿ ನೋಡಿದರೆ ಸುಮ್ಮನೆ ಮುಖ ನೋಡುತ್ತಿದ್ದರು. ನಲವತ್ತು ವರ್ಷ ಬೇಕರಿಯ ಒಲೆಯ ಮುಂದೆ ನಿಂತ ಮನುಷ್ಯನ ಆಸ್ತಿ ಎಂದರೆ ಈಗ ಉಳಿದದ್ದು ಮೊಣಕಾಲಿನ ತನಕ ಬರುವ ಒಂದು ಕರಿ ಕೋಟು, ಮಂಚದ ಕೆಳಗೆ ಒಂದು ತಗಡಿನ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಅಚ್ಚು, ತಕ್ಕಡಿ, ಬೇಕರಿಯ ಕಾಲದ ಕಬ್ಬಿಣದ ಸಾಮಾನು. ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಕೋಟನ್ನು ಯಾರೂ ಬಿಚ್ಚುವಂತಿರಲಿಲ್ಲ. ತೂಗುವಾಗಲೂ ಕೋಟಿನ ಸಮೇತವೇ ತೂಗುವುದೆಂದು ಎರಡೂ ಮನೆಯವರು ಒಪ್ಪಿದ್ದರು.

ಮನೆಗೆ ಬಂದು ಮಾವನನ್ನು ಮಲಗಿಸಿ ತೂಕಪ್ಪ ಆಸ್ಪತ್ರೆಗೆ ಫೋನು ಮಾಡಿದ.

"ಲೇ, ಒಂದೇ ದಿನದಲ್ಲಿ ಎರಡು ಕಿಲೋ ಬರೋ ಹಾಗೆ ಏನು ಮಾಡಿ ಹಾಕ್ಬಹುದು?"

ಆ ಕಡೆಯಿಂದ ಹೊಲಿಗೆ ಹಿಡಿದುಕೊಂಡೇ ಉಸಿರಾಡುವ ಸದ್ದು ಬಂತು. "ನಗಿಸ್ಬೇಡಿ ರೀ, ನೋವಾಗುತ್ತೆ."

"ನಗೋ ವಿಷಯ ಅಲ್ಲ ಕಣೆ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಪ್ಪಂಗೆ ಹಲ್ಲಿಲ್ಲ. ಮೆತ್ತಗಿರ್ಬೇಕು. ಪಾಸ್ತಾ ಟ್ರೇ ಮಾಡಿ. ತರಕಾರಿ ಬೇಯಿಸ್ಕೊಳ್ಳಿ. ಪಾಸ್ತಾ ಬೇಯಿಸ್ಕೊಳ್ಳಿ. ಬೆಣ್ಣೇಲಿ ಮೈದಾ ಹುರಿದು ಹಾಲು ಹಾಕಿ ಗಟ್ಟಿ ಮಾಡಿ. ಎಲ್ಲಾ ಕಲಸಿ ಟ್ರೇಗೆ ಸುರಿದು ಮೇಲೆ ಚೀಸು ಉದುರಿಸಿ ಓವನ್ನಿಗೆ ಇಟ್ಟುಬಿಡಿ. ಆಮೇಲೆ ಅದರ ಪಾಡಿಗೆ ಅದು. ನೀವು ಅಲ್ಲೀ ತನಕ ಒಂದು ನಿದ್ದೆ ಮಾಡ್ಬಹುದು."

"ಅದು ನೀನು ವಿಶೇಷ ದಿನ ಮಾಡ್ತಿದ್ದೆಯಲ್ಲ?"

"ಯಾವ ವಿಶೇಷ? ದುಡಿದು ಸತ್ತು ಕೈ ಏಳದೇ ಇದ್ದ ವಾರ ಅದನ್ನ ಮಾಡ್ತಿದ್ದೆ. ನೀವು ಇವತ್ತೇನು ಹಬ್ಬವಾ ಅಂತ ಕೇಳಿ ಎರಡೆರಡು ಸಲ ಹಾಕಿಸ್ಕೊಳ್ತಿದ್ರಿ."

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ತಾನು ಉಂಡ ಹಬ್ಬಗಳನ್ನೆಲ್ಲ ಒಂದೊಂದಾಗಿ ನೆನೆದುಕೊಂಡು ತೂಕಪ್ಪ ಫೋನು ಇಟ್ಟ.

ಅಂಗಡಿಯಿಂದ ಎರಡು ಪೊಟ್ಟಣ ಪಾಸ್ತಾ, ಹೂಕೋಸು, ಗಜ್ಜರಿ, ಬಟಾಣಿ, ಕುಂಬಳದ ಹೋಳು, ಬೆಣ್ಣೆ, ಚೀಸು, ಎರಡು ಲೀಟರು ಹಾಲು ತಂದ. ಕೈಯಲ್ಲಿ ಹಿಡಿದೇ ಲೆಕ್ಕ ಹಾಕಿದ: ಐದು ಕಿಲೋದ ಮೇಲೆ ಕಾಲು. ಇದರಲ್ಲಿ ಎರಡು ಮಾವನ ಹೊಟ್ಟೆಗೆ ಸೇರಿದರೆ ಸಾಕು.

ಮೊದಲ ಪೊಟ್ಟಣವನ್ನು ಕುದಿಯುವ ನೀರಿಗೆ ಹಾಕಿ, ಹತ್ತು ನಿಮಿಷ ಎಂದುಕೊಂಡು ಗೋಡೆಗೆ ಒರಗಿದ. ಕಣ್ಣು ಬಿಟ್ಟಾಗ ಪಕ್ಕದ ಮನೆಯ ಟೀಚರಮ್ಮ ಎದುರಿಗೆ ನಿಂತಿದ್ದರು. ಪಾತ್ರೆಯಲ್ಲಿ ಗೋಡೆಗೆ ಕಾಗದ ಅಂಟಿಸಬಹುದಾದಂಥ ಬಿಳಿ ಅಂಟು ಇತ್ತು.

"ನಿಂತ್ಕೊಂಡೇ ನಿದ್ದೆ ಮಾಡೋದು ಕುದುರೆ," ಎಂದರು ಟೀಚರಮ್ಮ. ಕೆಲಸದಿಂದ ನಿವೃತ್ತರಾಗಿ ಹತ್ತು ವರ್ಷವಾದರೂ ಇಡೀ ಬೀದಿ ಅವರ ತರಗತಿಯೇ ಆಗಿತ್ತು. "ಏನಿದು?"

ತೂಕಪ್ಪ ಎಲ್ಲ ಹೇಳಿದ.

"ತೂಕ ಇಳಿದಿಲ್ಲ ಕಣಯ್ಯಾ, ಹೊಟ್ಟೆ ಕಟ್ಟಿದೆ. ಹೊಟ್ಟೆ ಕಟ್ಟಿದ್ರೆ ತಿಂದದ್ದು ಮೈಗೆ ಹತ್ತೋಲ್ಲ. ಹರಳೆಣ್ಣೆ ತರ್ತೀನಿ, ಎರಡು ಚಮಚ ಕುಡಿಸು, ಎಲ್ಲಾ ಸರಿಹೋಗುತ್ತೆ."

"ಬೇಡ ಟೀಚರಮ್ಮ, ದಮ್ಮಯ್ಯ. ಇವತ್ತೊಂದು ದಿನ ಅವರ ಒಳಗಿರೋದು ಒಳಗೇ ಇರ್ಲಿ."

ಎರಡನೆಯ ಪೊಟ್ಟಣ ನೀರಿಗೆ ಬಿತ್ತು. ಈ ಸಲ ಟೀಚರಮ್ಮ ಗಡಿಯಾರ ಹಿಡಿದು ನಿಂತರು. ಇನ್ನೊಂದು ಒಲೆಯ ಮೇಲೆ ತೂಕಪ್ಪ ಬೆಣ್ಣೆ ಕರಗಿಸಿ ಮೈದಾ ಹಾಕಿ ಹಾಲು ಸುರಿದ. ಅದು ಬಾಣಲೆಯಲ್ಲಿ ಗೋಲಿಗೋಲಿಯಾಗಿ ಎದ್ದಿತು. ಒಂದನ್ನು ಒಡೆದರೆ ಎರಡಾಗುತ್ತಿತ್ತು, ಎರಡನ್ನು ಒಡೆದರೆ ನಾಲ್ಕಾಗುತ್ತಿತ್ತು. ಆಗ ಒಳಗಿನ ಕೋಣೆಯಿಂದ ಕೋಲು ಮೂರು ಸಲ ಕುಟ್ಟಿತು.

"ಬಂದೆ ಮಾವ," ಎಂದು ಓಡಿದ. ಮಾವ ಕೋಟು ಹಾಕಿಕೊಂಡು ಮಂಚದ ಮೇಲೆ ಕೂತಿದ್ದರು. ಮುಖ ನೋಡಿದರು. ನೀರು ತೋರಿಸಿದ, ಬೇಡ. ಬಚ್ಚಲು ತೋರಿಸಿದ, ಬೇಡ. ಮೂಗನ್ನು ಮಾತ್ರ ಒಂದು ಸಲ ಸೊಟ್ಟ ಮಾಡಿದರು. ತೂಕಪ್ಪ ವಾಪಸು ಬರುವಷ್ಟರಲ್ಲಿ ಬಾಣಲೆಯ ತಳ ಹೊತ್ತಿ ಅಡುಗೆಮನೆಯಲ್ಲಿ ಹೊಗೆ ನಿಂತಿತ್ತು.

"ಸರಿಯಾಗಿ ಸೀಯೋ ಹೊತ್ತಿಗೇ ಕರೀತಾರಲ್ಲ," ಎಂದು ಗೊಣಗಿ ಮತ್ತೆ ಬೆಣ್ಣೆ ಕರಗಿಸಿದ.

ಎರಡನೆಯ ಸಲ ಗಂಟುಗಳನ್ನೆಲ್ಲ ಜರಡಿಯಲ್ಲಿ ಸೋಸಿ, ಪಾಸ್ತಾ, ತರಕಾರಿ ಎಲ್ಲ ಕಲಸಿ ದೊಡ್ಡ ಟ್ರೇಗೆ ತುಂಬುವಷ್ಟರಲ್ಲಿ ಹನ್ನೊಂದಾಯಿತು. ಓವನ್ನಿನ ಗುಂಡಿ ತಿರುಗಿಸಿದ. ಟಪ್ ಎಂದು ಫ್ಯೂಸು ಹೋಯಿತು. ಗೋಡೆಯ ಆಚೆ ಬಟ್ಟೆ ಹೊಲಿಯುವ ಮೆಷಿನ್ನಿನ ಸದ್ದೂ ನಿಂತಿತು. ಒಂದು ನಿಮಿಷದಲ್ಲಿ ದರ್ಜಿ ಕೊರಳಿಗೆ ಅಳತೆಪಟ್ಟಿ ನೇತುಹಾಕಿಕೊಂಡು ಬಾಗಿಲಲ್ಲಿ ನಿಂತ. ಎರಡು ಮನೆಗೂ ಒಂದೇ ಲೈನು. ಓವನ್ನು ಉರಿದರೆ ಮೆಷಿನ್ನು ನಡೆಯದು, ಮೆಷಿನ್ನು ನಡೆದರೆ ಓವನ್ನು ಉರಿಯದು.

"ಎಷ್ಟು ಹೊತ್ತು ಅಣ್ಣಾ?"

"ಮುಕ್ಕಾಲು ಗಂಟೆ. ದೊಡ್ಡ ಮನಸ್ಸು ಮಾಡಪ್ಪ."

"ಮಾಡ್ತೀನಿ. ಹೇಗೂ ಕೆಲಸ ಇಲ್ಲ, ಇಲ್ಲೇ ಕೂತಿರ್ತೀನಿ," ಎಂದು ದರ್ಜಿ ಫ್ಯೂಸು ಕಟ್ಟಿ, ಸ್ಟೂಲು ಎಳೆದುಕೊಂಡು ಕೂತ. ವಿಷಯ ತಿಳಿದ ಮೇಲೆ ಅವನು ನಕ್ಕ. "ಇಷ್ಟಕ್ಕೆ ಇಷ್ಟೆಲ್ಲಾ ಒದ್ದಾಟವಾ? ಬುಧವಾರ ತಾನೇ ಆ ಕೋಟಿನ ಹರಿದ ಜೇಬು, ಮೈಮೇಲಿದ್ದ ಹಾಗೇ, ನಾನು ಹೊಲಿದು ಕೊಟ್ಟದ್ದು. ಒಂದೊಂದು ಜೇಬೂ ಚೀಲ ಇದ್ದ ಹಾಗಿದೆ. ಎರಡು ತೂಕದ ಕಲ್ಲು ಇಳಿಬಿಟ್ರೆ ಆಯ್ತು. ಯಾರು ನೋಡ್ತಾರೆ?"

"ಏಯ್, ಬಾಯಿ ಮುಚ್ಚು. ತೂಕದಲ್ಲಿ ಮೋಸ ಮಾಡೋನಲ್ಲ ನಾನು. ಮೂವತ್ತು ವರ್ಷ ಆಯ್ತು, ಒಂದು ಹಿಡಿ ಬೀಜ ಹೆಚ್ಚುಕಮ್ಮಿ ಮಾಡಿಲ್ಲ."

"ಮಾಡ್ಬೇಡಿ ಬಿಡಿ. ಒಂದು ಮಾತಿಗೆ ಹೇಳ್ದೆ."

ತೆರೆದ ಬಾಗಿಲಿನಾಚೆ ಮಾವ ಗೋಡೆ ನೋಡುತ್ತ ಕೂತಿದ್ದರು. ಅವರೆದುರಿಗೆ ಅವರ ವಿಷಯ ಮಾತಾಡಲು ಯಾರೂ ದನಿ ತಗ್ಗಿಸುತ್ತಿರಲಿಲ್ಲ. ಮೂಟೆಯ ಎದುರಿಗೆ ಮೂಟೆಯ ತೂಕ ಹೇಳಲು ಯಾರಾದರೂ ಪಿಸುಗುಡುತ್ತಾರೆಯೇ?

ಚೀಸು ಮೇಲಿರಬೇಕೋ ನಡುವೆ ಇರಬೇಕೋ ಎಂದು ಟೀಚರಮ್ಮನಿಗೂ ದರ್ಜಿಗೂ ಜಗಳ ಹತ್ತಿತು. ತೂಕಪ್ಪ ಎರಡೂ ಕಡೆ ಹಾಕಿದ. ತೂಕ ಹೆಚ್ಚುವ ಯಾವ ಸಲಹೆಗೂ ಅವನು ಇಂದು ಇಲ್ಲವೆನ್ನುವ ಸ್ಥಿತಿಯಲ್ಲಿರಲಿಲ್ಲ. ಟ್ರೇ ಒಳಗೆ ಹೋಯಿತು. ಅದರ ಪಾಡಿಗೆ ಅದು ಬೇಯುತ್ತದೆ, ನೀವು ಮಲಗಬಹುದು ಎಂದಿದ್ದಳು ಹೆಂಡತಿ. ಇಬ್ಬರು ನೆರೆಯವರ ನಡುವೆ ತೂಕಪ್ಪ ಕಣ್ಣು ಬಿಟ್ಟುಕೊಂಡು ಕೂತ.

ಮುಕ್ಕಾಲು ಗಂಟೆಗೆ ಬಟ್ಟೆ ಸುತ್ತಿದ ಕೈಯನ್ನು ಓವನ್ನಿಗೆ ಹಾಕುವ ಹೊತ್ತಿಗೆ ಸರಿಯಾಗಿ ಕೋಲು ಮತ್ತೆ ಮೂರು ಸಲ ಕುಟ್ಟಿತು. ಹೋದ. ಮಾವ ಅವನ ತೋಳು ಹಿಡಿದುಕೊಂಡರು. ಬಿಡಲಿಲ್ಲ. ಏನು ಬೇಕು ಎಂದರೆ ಹೇಳಲೂ ಇಲ್ಲ. ಬಿಗಿಯಾಗಿ ಹಿಡಿದುಕೊಂಡು ಗೋಡೆ ಗಡಿಯಾರವನ್ನು ನೋಡುತ್ತಿದ್ದರು. ಐದು ನಿಮಿಷವಾದ ಮೇಲೆ ತಾವಾಗಿ ಬಿಟ್ಟರು. ಬಂದು ನೋಡಿದರೆ ಟ್ರೇ ಮೇಲೆ ಅಂಚಿನಿಂದ ಅಂಚಿಗೆ ಹೊಂಬಣ್ಣದ ಹೊರಪದರ ಕಟ್ಟಿತ್ತು.

"ನೋಡಿದ್ಯಾ, ನನ್ನ ಲೆಕ್ಕ," ಎಂದರು ಟೀಚರಮ್ಮ.

ಮಾವ ಉಂಡರು. ತೂಕಪ್ಪ ಮೊದಲ ತಟ್ಟೆಯನ್ನು ಹೆದರಿ ಹೆದರಿ ಹಾಕಿದ. ಎರಡನೆಯದನ್ನು ಆಸೆಯಿಂದ ಹಾಕಿದ. ಮೂರನೆಯದನ್ನು ಮಾವ ತಾವಾಗಿ ತಟ್ಟೆ ಚಾಚಿ ಹಾಕಿಸಿಕೊಂಡಾಗ ಅವನಿಗೆ ಕಣ್ಣಲ್ಲಿ ನೀರು ಬಂತು. ಹಲ್ಲಿಲ್ಲದ ಬಾಯಿ ನಿಧಾನವಾಗಿ, ಯಾವುದೋ ಹಳೆಯ ಕೆಲಸವನ್ನು ನೆನಪಿಸಿಕೊಳ್ಳುವ ಹಾಗೆ ಅಗಿಯುತ್ತಿತ್ತು. ನಡುವೆ ಒಮ್ಮೆ ಹೊರಪದರದ ತುಂಡೊಂದನ್ನು ಬೆರಳಿನಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿ ಬಾಯಿಗೆ ಹಾಕಿಕೊಂಡರು. ಮೇಲೊಂದು ಲೋಟ ಹಾಲು. ಎರಡೂವರೆಗೆ ಇನ್ನೊಂದು ತಟ್ಟೆ. ಮೂರೂವರೆಗೆ ಮತ್ತೊಂದು. ಟ್ರೇಯ ಮೂಲೆಯಲ್ಲಿ ಎರಡು ತುತ್ತು ಉಳಿಯಿತು. ಬೆಳಗಿನಿಂದ ಏನೂ ತಿನ್ನದ ತೂಕಪ್ಪ ಅದನ್ನು ನೋಡಿದ. ಅದೂ ಐವತ್ತು ಗ್ರಾಂ ಇದ್ದೀತು ಎನಿಸಿ ಅದನ್ನೂ ಮಾವನಿಗೇ ಹಾಕಿದ.

ನಾಲ್ಕು ಗಂಟೆಗೆ ಕೋಲು ಎರಡು ಸಲ ಕುಟ್ಟಿತು.

ಎರಡು ಎಂದರೆ ಬಚ್ಚಲು. ಬಚ್ಚಲು ಎಂದರೆ ಅರ್ಧ ಕಿಲೋ, ಮುಕ್ಕಾಲೂ ಆಗಬಹುದು. ತೂಕಪ್ಪ ಮಂಚದ ಪಕ್ಕ ಮೊಣಕಾಲೂರಿದ.

"ಮಾವ, ನಿಮಗೆ ಕೇಳಿಸುತ್ತೋ ಇಲ್ವೋ ನಂಗೊತ್ತಿಲ್ಲ. ಐದು ಗಂಟೆ ತನಕ ತಡ್ಕೊಳ್ಳಿ. ನಾಳೆ ಅವಳು ಬರ್ತಾಳೆ. ಅವಳನ್ನ ಮಲಗಿಸೋಕೆ ನನಗೆ ಈ ಕೋಣೆ ಬಿಟ್ರೆ ಜಾಗ ಇಲ್ಲ. ನಿಮ್ಮನ್ನ ಓಡಿಸ್ತಿದೀನಿ ಅಂತ ಅಂದ್ಕೋಬೇಡಿ. ಎರಡು ತಿಂಗಳು ಕಳೆದ್ರೆ ನಾನೇ ಬಂದು ಕರ್ಕೊಂಡು ಬರ್ತೀನಿ."

ಮಾವ ಅವನ ಮುಖವನ್ನು ನೋಡುತ್ತಲೇ ಇದ್ದರು. ಕೋಲು ಮತ್ತೆ ಕುಟ್ಟಲಿಲ್ಲ.

ಹೊರಡುವ ಮುಂಚೆ ಬಟ್ಟೆ ಗಂಟು ಕಟ್ಟಲು ತೂಕಪ್ಪ ಮಹಡಿಗೆ ಹೋಗಿ ಬಂದ. ಬರುವಷ್ಟರಲ್ಲಿ ಮಾವ ಕೋಟಿನ ಗುಂಡಿ ಕತ್ತಿನ ತನಕ ಹಾಕಿಕೊಂಡು, ಯಾರ ಸಹಾಯವೂ ಇಲ್ಲದೆ ಎದ್ದು ನಿಂತಿದ್ದರು. ಒಳ್ಳೆಯ ಊಟ ಮನುಷ್ಯನಿಗೆ ಎಂಥ ಕಸುವು ಕೊಡುತ್ತದೆ ಎಂದು ತೂಕಪ್ಪನಿಗೆ ತನ್ನ ಕೈಯಡುಗೆಯ ಮೇಲೆ ಹೆಮ್ಮೆ ಹುಟ್ಟಿತು. ದಾರಿಯಲ್ಲಿ ಮಾವನ ನಡಿಗೆ ಭಾರವಾಗಿತ್ತು. ಅದೂ ಒಳ್ಳೆಯ ಲಕ್ಷಣವೇ.

ಗೋದಾಮಿನ ಮುಂದೆ ಷಡ್ಡಕನ ಕಾರು ನಿಂತಿತ್ತು. ಕರಾರು ಪತ್ರವನ್ನು ಪ್ಲಾಸ್ಟಿಕ್ಕಿನ ಹಾಳೆಯಲ್ಲಿ ಹಾಕಿ ತಂದಿದ್ದ. ಕಾಗದವಿಲ್ಲದೆ ಅವನು ಉಸಿರನ್ನೂ ಬಿಡುವವನಲ್ಲ. ಇಷ್ಟು ದುಡಿದ ಮೇಲೆ ಫಲಿತಾಂಶ ನೋಡದೆ ಇರಲಾರದೆ ಟೀಚರಮ್ಮ, ದರ್ಜಿ ಇಬ್ಬರೂ ಹಿಂದೆಯೇ ಬಂದಿದ್ದರು.

"ಏನಪ್ಪಾ ತಮ್ಮಾ, ಸೊರಗಿದೀಯಲ್ಲ?"

"ಬಿತ್ತನೆ ಕಾಲ ಭಾವ. ಜೊತೆಗೆ ಆಸ್ಪತ್ರೆ."

"ಪಾಪ, ಪಾಪ. ಅವಳು ನಾಳೆ ಬರ್ತಾಳಂತಲ್ಲ. ಇರ್ಲಿ. ಕರಾರು ಕರಾರೇ. ಹತ್ತಿಸು."

ಮಾವ ಯಂತ್ರದ ಮೇಲೆ ಹತ್ತಿದರು. ಮುಳ್ಳು ಅಲುಗಾಡಿತು. ಐವತ್ತು ದಾಟಿತು. ಐವತ್ತನಾಲ್ಕಕ್ಕೆ ಬಂದಾಗ ತೂಕಪ್ಪ ಉಸಿರು ಬಿಟ್ಟ. ಮುಳ್ಳು ನಿಲ್ಲಲಿಲ್ಲ. ಐವತ್ತೈದು. ಐವತ್ತಾರಕ್ಕೆ ಹೋಗಿ ನಿಂತಿತು.

"ಪರವಾಗಿಲ್ವೇ," ಎಂದ ಷಡ್ಡಕ. ಅವನ ಮುಖ ಬಾಡಿತ್ತು. "ಚೆನ್ನಾಗೇ ಮೇಯಿಸಿದೀಯ."

ತೂಕಪ್ಪನಿಗೆ ಖುಷಿಯಾಗಬೇಕಿತ್ತು. ಆದರೆ ಮೂವತ್ತು ವರ್ಷದ ಕಣ್ಣು ಒಳಗಿನಿಂದ ಬೇರೆಯೇ ಹೇಳುತ್ತಿತ್ತು. ಐದು ತಟ್ಟೆ, ಒಂದು ಲೋಟ ಹಾಲು, ಎರಡು ಲೋಟ ನೀರು. ಎರಡು ಕಿಲೋ ಸರಿ. ನಾಲ್ಕು ಹೇಗೆ?

ಮಾವ ಇಳಿಯಲು ಒಂದು ಕಾಲು ಕೆಳಗಿಟ್ಟರು. ಮೈಯನ್ನು ಒಂದು ಸಲ ಜಾಡಿಸಿದರು, ನೆನೆದ ನಾಯಿ ಜಾಡಿಸುವ ಹಾಗೆ.

ಠಣ್ ಎಂದಿತು.

ಎಲ್ಲರೂ ಕೋಟನ್ನು ನೋಡಿದರು. ಷಡ್ಡಕ ಮೆಲ್ಲಗೆ ಬಂದು ಬಲಗಡೆಯ ಜೇಬಿಗೆ ಕೈ ಹಾಕಿದ. ಒಂದು ಕಿಲೋದ ಕಬ್ಬಿಣದ ತೂಕದ ಕಲ್ಲು ಬಂತು. ಅದರ ಜೊತೆಗೊಂದು ಚಮಚ ಬಂತು. ಎಡಗಡೆಯ ಜೇಬಿನಿಂದ ಇನ್ನೊಂದು ಕಿಲೋ ಬಂತು. ಯಂತ್ರದ ಪಕ್ಕ ಒಂದೊಂದಾಗಿ ಜೋಡಿಸಿದ, ಸಾಕ್ಷಿಗಳನ್ನು ಸಾಲಾಗಿ ನಿಲ್ಲಿಸುವ ಹಾಗೆ.

"ಭಾವ, ನನಗೆ ಗೊತ್ತಿಲ್ಲ. ದೇವರಾಣೆ ಗೊತ್ತಿಲ್ಲ."

"ಬೇಡ ಬೇಡ ಅಂತಿದ್ರಿ, ಕೊನೆಗೂ ಇಟ್ರಾ ಅಣ್ಣಾ?" ಎಂದ ದರ್ಜಿ. ಅವನ ದನಿಯಲ್ಲಿ ಕೆಡುಕಿರಲಿಲ್ಲ, ತನ್ನ ಸಲಹೆಗೆ ಬೆಲೆ ಬಂದ ಸಂತೋಷವಿತ್ತು. "ಜೇಬು ನಾನು ಗಟ್ಟಿಯಾಗೇ ಹೊಲಿದಿದ್ದೆ. ಆ ಚಮಚ ಯಾಕೆ ಹಾಕೋಕೆ ಹೋದ್ರಿ?"

ಷಡ್ಡಕ ದರ್ಜಿಯ ಕಡೆ ತಿರುಗಿದ. "ಜೇಬು ಹೊಲಿದದ್ದು ಯಾವಾಗ?"

"ಬುಧವಾರ."

"ಹೂಂ. ಅಂದ್ರೆ ಮೊದಲೇ ಯೋಚನೆ ಮಾಡಿ ಮಾಡಿದ್ದು."

ತೂಕಪ್ಪ ಮಾವನನ್ನು ಮತ್ತೆ ಯಂತ್ರದ ಮೇಲೆ ಹತ್ತಿಸಿದ. ಬರೀ ಕೋಟು, ಬರೀ ಮಾವ. ಮುಳ್ಳು ಐವತ್ತನಾಲ್ಕರ ಗೆರೆಯ ಮೇಲೆ ಕೂದಲೆಳೆಯೂ ಆಚೀಚೆಯಾಗದೆ ನಿಂತಿತು.

"ನೋಡಿ ಭಾವ. ಕಲ್ಲು ಇಲ್ಲದೇನೇ ಸರಿಯಾಗಿದೆ. ಬೆಳಗ್ಗೆಯಿಂದ ಬೇಯಿಸಿ ಬೇಯಿಸಿ ಹಾಕಿದೀನಿ. ಟೀಚರಮ್ಮ, ಹೇಳಿ."

"ಬೇಯಿಸಿದ್ದು ನಿಜ," ಎಂದರು ಟೀಚರಮ್ಮ. "ಆದ್ರೆ ಕದಿಯೋದು ಬೇರೆ, ಕದ್ದು ಸಿಕ್ಕಿಬೀಳೋದು ಬೇರೆ. ಪರೀಕ್ಷೇಲಿ ಕಾಪಿ ಸಿಕ್ಕಿದ್ರೆ, ಉತ್ತರ ಬರ್ತಿತ್ತು ಅಂದ್ರೆ ಯಾರೂ ನಂಬಲ್ಲ."

ಷಡ್ಡಕ ಪ್ಲಾಸ್ಟಿಕ್ಕಿನ ಹಾಳೆಯನ್ನು ಎತ್ತಿ ಹಿಡಿದ. ಕೆಂಪು ಪೆನ್ಸಿಲಿನ ಎರಡು ಗೆರೆ ಸಂಜೆಯ ಬಿಸಿಲಿನಲ್ಲಿ ಚೆನ್ನಾಗಿಯೇ ಕಾಣುತ್ತಿದ್ದವು. ಪರಿಹಾರ ಕೇಳಲು ಬಂದ ವಿಧವೆಗೆ ಕಂಪನಿಯ ಪರವಾಗಿ ಇಲ್ಲವೆನ್ನುವಾಗ ಬರುವ ದುಃಖ ಅವನ ಮುಖದಲ್ಲಿ ತುಂಬಿತ್ತು.

"ನನಗೂ ಹೊಟ್ಟೆ ಉರಿಯುತ್ತೆ ತಮ್ಮಾ. ಆದ್ರೆ ನಾಲ್ಕನೇ ಕಲಮು. ಅಕ್ಷರ ನಿಂದು, ಗೆರೆ ನಿಂದು. ಇನ್ನೆರಡು ತಿಂಗಳು. ಮಾವನ್ನ ಚೆನ್ನಾಗಿ ನೋಡ್ಕೋ."

ಕಾರು ಬಂದದ್ದಕ್ಕಿಂತ ಎರಡರಷ್ಟು ವೇಗದಲ್ಲಿ ಹೋಯಿತು.

ಮನೆಗೆ ಬರುವಾಗ ತೂಕಪ್ಪನ ಒಂದು ಕೈಯಲ್ಲಿ ಮಾವ, ಇನ್ನೊಂದು ಕೈಯಲ್ಲಿ ಬಟ್ಟೆ ಗಂಟು, ಗಂಟಿನೊಳಗೆ ಎರಡು ಕಲ್ಲು, ಒಂದು ಚಮಚ. ಬೀದಿಯ ಜಗಲಿಗಳ ಮೇಲೆ ಜನ ಮಾತು ನಿಲ್ಲಿಸಿ ನೋಡಿದರು. ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ನಾಳೆ ಬೆಳಗ್ಗೆ ಟ್ರ್ಯಾಕ್ಟರಿನವರು ಮೂಟೆ ತೂಗಿಸಿಕೊಂಡು ಇನ್ನೊಂದು ಸಲ ತೂಗು ಎನ್ನುತ್ತಾರೆ. ಗೋಡೆಯಾಚೆ ಹೊಲಿಗೆಯ ಮೆಷಿನ್ನು ಮತ್ತೆ ಶುರುವಾಯಿತು. ಮೊದಲು ಮಾವ ಬಚ್ಚಲಿಗೆ ಹೋದರು. ಬಹಳ ಹೊತ್ತಾಯಿತು.

ತೂಕಪ್ಪ ಅಡುಗೆಮನೆಯ ನೆಲದ ಮೇಲೆ ಖಾಲಿ ಟ್ರೇಯನ್ನು ಎದುರಿಗಿಟ್ಟುಕೊಂಡು ಕೂತ. ಹೆಂಡತಿಗೆ ಫೋನು ಮಾಡಬೇಕು. ಏನೆಂದು ಹೇಳುವುದು? ಹಸಿವಾಗುತ್ತಿತ್ತು. ಟ್ರೇಯ ಅಂಚಿಗೆ ಕಚ್ಚಿಕೊಂಡಿದ್ದ ಕರಿ ಚೂರೊಂದನ್ನು ಉಗುರಿನಿಂದ ಕೆರೆದು ಬಾಯಿಗೆ ಹಾಕಿಕೊಂಡ.

ಮಾವ ಕೋಲೂರಿಕೊಂಡು ಬಂದು ಓವನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತರು. ಬೆನ್ನನ್ನು ಗೋಡೆಗೆ ಒರಗಿಸಿದರು. ಓವನ್ನು ಇನ್ನೂ ಸ್ವಲ್ಪ ಬೆಚ್ಚಗಿತ್ತು.

"ಉಪ್ಪು ಸಾಲದು," ಎಂದರು.

ತೂಕಪ್ಪ ಮೊದಲು ಬಾಗಿಲ ಕಡೆ ನೋಡಿದ. ಆಮೇಲೆ ಮಾವನ ಕಡೆ ನೋಡಿದ.

"ಹಾಲು ಬಿಸಿ ಮಾಡಿ ಹಾಕ್ಬೇಕು. ತಣ್ಣಗಿದ್ರೆ ಗಂಟು ಕಟ್ಟುತ್ತೆ. ಸೀಯೋವಾಗ ಕರೆದೆ, ನೀವು ಬಚ್ಚಲು ತೋರಿಸಿದ್ರಿ." ಮೂರು ವರ್ಷ ಬಳಸದ ದನಿ ತುಕ್ಕು ಹಿಡಿದ ಬಾಗಿಲಿನ ಹಾಗಿತ್ತು. ಆದರೆ ಬಾಗಿಲು ತೆರೆಯುತ್ತಿತ್ತು. "ಹೊರಪದರ ಮಾತ್ರ ಚೆನ್ನಾಗಿ ಬಂತು. ಐದು ನಿಮಿಷ ನಿಮ್ಮನ್ನ ಹಿಡಿದಿಟ್ಕೊಂಡೆ."

"ಮಾವ," ಎಂದ ತೂಕಪ್ಪ.

"ಕೋಣೆ ಮಗಳಿಗೆ ಕೊಡಿ. ನಾನು ಇಲ್ಲೇ ಮಲಗ್ತೀನಿ, ಒಲೆ ಹತ್ರ. ನಲವತ್ತು ವರ್ಷ ಹಾಗೇ ಮಲಗಿದವನು. ಅವಳು ಹೊಟ್ಟೆ ಕೊಯ್ಸಿಕೊಂಡು ಬರೋ ಹೊತ್ತಲ್ಲಿ ಕಾರಲ್ಲಿ ಕೂತು ಹೋಗೋಕೆ ನಾನೇನು ಬೀಜದ ಮೂಟೆಯಾ? ನಾಳೆಯೂ ಇದನ್ನೇ ಮಾಡಿ. ನಾನು ಕೂತು ಹೇಳ್ತೀನಿ."

ನಾಳೆ. ಗೋದಾಮು, ಆಸ್ಪತ್ರೆ, ಇಬ್ಬರು ರೋಗಿಗಳು, ಮತ್ತೆ ಇದೇ ಟ್ರೇ, ಅದರ ಮೇಲೆ ಒಬ್ಬ ಮೇಸ್ತ್ರಿ. ತೂಕಪ್ಪ ಟ್ರೇಯನ್ನು ಪಕ್ಕಕ್ಕೆ ಸರಿಸಿ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಇಲ್ಲೇ ಇರ್ತೀನಿ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ ಮಾವ. ನನ್ನ ಮರ್ಯಾದೆ ಬೀದಿಗೆ ಬಿತ್ತು. ಮಾತು ಬರ್ತಿತ್ತಲ್ಲ ನಿಮಗೆ."

"ಮಾತಾಡಿದ್ರೆ ಯಾರು ಕೇಳ್ತಿದ್ರು? ಈ ಮನೆಗಳಲ್ಲಿ ಮಾತು ಬೇಡ, ತೂಕ ಮಾತಾಡ್ಲಿ ಅಂತ ಬರೆದವರು ನೀವೇ." ಮಾವ ಕೋಲನ್ನು ಓವನ್ನಿಗೆ ಒರಗಿಸಿಟ್ಟರು. "ಒಂದು ವಿಷಯಕ್ಕೆ ಸಮಾಧಾನ ಮಾಡ್ಕೊಳ್ಳಿ. ನಿಮ್ಮ ಮನೇಲಿ ನಾನು ಒಂದು ಗುಂಜಿಯೂ ಇಳಿದಿಲ್ಲ. ಬಂದಾಗಲೂ ಐವತ್ತೆರಡೇ. ಆ ಎರಡು ಕಿಲೋ ಅಲ್ಲಿ ಕಳ್ಕೊಂಡದ್ದು."

"ಅಲ್ಲಿ? ಇಲ್ಲಿಗೆ ಬಂದ ದಿನ ಐವತ್ತನಾಲ್ಕಿತ್ತಲ್ಲ. ನಾನೇ ತೂಗಿದ್ದು, ನನ್ನ ಕಣ್ಣಾರೆ."

"ಅವತ್ತೂ ಇವೇ ಕಲ್ಲು," ಎಂದರು ಮಾವ. "ಅಲ್ಲಿಂದ ಬಿಡಿಸ್ಕೊಂಡು ಬರ್ಬೇಕಿತ್ತಲ್ಲ, ಸದ್ದಾಗದ ಹಾಗೆ ಬಟ್ಟೆ ಸುತ್ತಿದ್ದೆ."